ನಕ್ಷತ್ರನೌಕೆಯ ಷಷ್ಟ್ಯಬ್ದಿ

ಅಧ್ಯಕ್ಷರೇ, ಮಂಡ್ಯದ ಬಂಧುಗಳೇ,

ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಕೆಳಗೆ ‘ನಿವೃತ್ತ ಗಣಿತ ಶಿಕ್ಷಕರು’ ಎಂದು ಅಚ್ಚಾಗಿದೆ, ವಿಷಯದ ಜಾಗದಲ್ಲಿ ‘ಸ್ಟಾರ್ ಟ್ರೆಕ್’ ಎಂದಿದೆ. ಬಾಗಿಲಲ್ಲಿ ಹಿರಿಯರೊಬ್ಬರು ತಡೆದು, “ಮೇಷ್ಟ್ರೇ, ಇದು ಮಕ್ಕಳ ಕಾರ್ಯಕ್ರಮವೇ?” ಎಂದು ಕೇಳಿದರು. ಅಲ್ಲ ಸ್ವಾಮಿ, ಷಷ್ಟ್ಯಬ್ದಿ. ನಕ್ಷತ್ರಗಳ ನಡುವೆ ಅಲೆಯುವ ನೌಕೆಯೊಂದರ ಕಥೆ ಹೇಳುವ ಈ ಟೀವಿ ಧಾರಾವಾಹಿಯ ಮೊದಲ ಕಂತು 1966ರ ಸೆಪ್ಟೆಂಬರ್ 8ರಂದು ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ಬಂತು. ಈ ತಿಂಗಳಿಗೆ ಅರವತ್ತು ತುಂಬಿತು. ನನಗೂ ಆ ನೌಕೆಗೂ ಹೆಚ್ಚು ಕಡಿಮೆ ಒಂದೇ ಪ್ರಾಯ. ನನಗೆ ಹೋಮ ಮಾಡಿಸಿ ಶಾಲು ಹೊದಿಸಿದರು. ಅದಕ್ಕೆ ಹೊದಿಸುವವರು ಈ ಊರಿನಲ್ಲಿ ಯಾರೂ ಕಾಣಲಿಲ್ಲ, ಅದಕ್ಕೇ ಈ ಉಪನ್ಯಾಸ.

ಐದು ಅಂಶ ಬರೆದುಕೊಂಡು ಬಂದಿದ್ದೇನೆ. ನೌಕೆಯ ಕ್ಯಾಪ್ಟನ್ ಕರ್ಕ್ ಯಾರು, ಅವನ ಜೊತೆಗಾರ ಸ್ಪಾಕ್‌ನ ಕಿವಿ ಏಕೆ ಚೂಪು ಎಂದೆಲ್ಲ ಹೇಳಲು ಹೋಗುವುದಿಲ್ಲ. ಅದು ಗೊತ್ತಿಲ್ಲದವರು ಭಾನುವಾರದ ಈ ಬಿಸಿಲಲ್ಲಿ ಇಲ್ಲಿಗೆ ಬರುತ್ತಿರಲಿಲ್ಲ.

ಮೊನ್ನೆ ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಕಂತು ಹಾಕಿದೆ. ಹತ್ತು ನಿಮಿಷ ನೋಡಿದ. “ತಾತ, ಆ ಬಂಡೆ ಅಲುಗುತ್ತಿದೆ” ಎಂದು ಎದ್ದು ಹೋದ. ಹೌದು, ಅಲುಗುತ್ತದೆ, ಸೆಟ್ಟಿನ ಬಂಡೆ. ಆ ಬಂಡೆ ಅಲುಗುತ್ತಿದ್ದುದರಿಂದಲೇ ನಾನು ಅಭಿಮಾನಿಯಾದದ್ದು. ಇದೇ ನನ್ನ ಮೊದಲನೆಯ ಅಂಶ. ನಿಜ ಹೇಳಬೇಕೆಂದರೆ ಐದೂ ಅಂಶ ಇದೇ.

ಉಪ್ಪಿನ ಡಬ್ಬಿಯ ಸಂಗತಿ ನಿಮಗೆ ಗೊತ್ತಿರಬಹುದು, ಆದರೂ ಹೇಳುತ್ತೇನೆ. ಮೊಟ್ಟಮೊದಲು ಪ್ರಸಾರವಾದ ಕಂತಿನಲ್ಲಿ ಬರುವುದು ಮನುಷ್ಯರ ಮೈಯ ಉಪ್ಪು ಹೀರುವ ಪ್ರಾಣಿ. ಅದಕ್ಕಾಗಿ ಮುಂದಿನ ಶತಮಾನಗಳದೆಂದು ಕಾಣುವಂಥ ವಿಚಿತ್ರ ಆಕಾರದ ಉಪ್ಪಿನ ಡಬ್ಬಿಗಳನ್ನು ಕೊಂಡು ತಂದರು. ತಂದ ಮೇಲೆ, ಇವು ಉಪ್ಪಿನ ಡಬ್ಬಿ ಎಂದು ನೋಡುವವರಿಗೆ ತಿಳಿಯುವುದೇ ಇಲ್ಲವಲ್ಲ ಎಂಬ ಯೋಚನೆ ಬಂತು. ದೃಶ್ಯಕ್ಕೆ ಮಾಮೂಲಿ ಡಬ್ಬಿಯನ್ನೇ ಇಟ್ಟರು. ಕೊಂಡದ್ದನ್ನು ಎಸೆಯಲಾದೀತೆ? ಡಾಕ್ಟರ್ ಮೆಕಾಯ್ ಕೈಗೆ ಕೊಟ್ಟು ಶಸ್ತ್ರಚಿಕಿತ್ಸೆಯ ಉಪಕರಣ ಎಂದುಬಿಟ್ಟರು. ಮೂರು ವರ್ಷ ಆ ಡಾಕ್ಟರು ಉಪ್ಪಿನ ಡಬ್ಬಿಯಲ್ಲೇ ಜೀವ ಉಳಿಸಿದರು. ನೌಕೆಯಿಂದ ಗ್ರಹಕ್ಕೆ ಜನರನ್ನು ಮಿಣಮಿಣ ಎಂದು ಇಳಿಸುವ ಯಂತ್ರವೂ ಹೀಗೆ ಹುಟ್ಟಿದ್ದೇ. ವಾರವಾರವೂ ನೌಕೆ ಇಳಿಯುವುದನ್ನು ಚಿತ್ರಿಸುವಷ್ಟು ದುಡ್ಡಿರಲಿಲ್ಲ. ತಾನಾಗಿ ತೆರೆದುಕೊಳ್ಳುವ ಬಾಗಿಲುಗಳನ್ನು ಮರೆಯಲ್ಲಿ ನಿಂತ ಆಳುಗಳು ಎಳೆಯುತ್ತಿದ್ದರು.

ಇದಕ್ಕೆ ನಗುವವರು ನಮ್ಮ ಊರುಗಳ ಕುರುಕ್ಷೇತ್ರ ನಾಟಕ ನೋಡಿಲ್ಲ. ಬಾಡಿಗೆ ಸೀನರಿ, ಪ್ಲೈವುಡ್ಡಿನ ರಥ, ಅದಕ್ಕೆ ಸುತ್ತಿದ ಬಣ್ಣದ ಸೀರಿಯಲ್ ಲೈಟು. ರಥ ಒಂದು ಗೇಣು ಮುಂದಕ್ಕೆ ಹೋಗುವುದಿಲ್ಲ. ಆದರೂ ಕೃಷ್ಣ ಹಾರ್ಮೋನಿಯಂ ಶ್ರುತಿಗೆ ಸರಿಯಾಗಿ ಒಂದು ಪದ್ಯ ಎತ್ತಿದನೆಂದರೆ, ಬೆಳಗಿನ ಮೂರು ಗಂಟೆಯಲ್ಲಿ ಚಾಪೆಯ ಮೇಲೆ ಕುಳಿತವರ ಕಣ್ಣಿಗೆ ರಥ ಓಡುತ್ತದೆ. ಓಡಿಸುವವರು ಯಾರು? ಚಾಪೆಯ ಮೇಲಿರುವವರು. ನನ್ನ ಮೊಮ್ಮಗ ನೋಡುವ ಸಿನಿಮಾಗಳಲ್ಲಿ ಎಲ್ಲವನ್ನೂ ಅವರೇ ಮಾಡಿ ಮುಗಿಸಿರುತ್ತಾರೆ. ನಮಗೆ ಪಾಪ್‌ಕಾರ್ನ್ ತಿನ್ನುವ ಕೆಲಸ ಮಾತ್ರ.

ಈಗ ನಮ್ಮ ಅಜ್ಜಿಯ ವಿಷಯ. ಇದು ಐದು ಅಂಶಗಳಲ್ಲಿ ಇರಲಿಲ್ಲ, ಬಂದುಬಿಟ್ಟಿತು.

ಎಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ಇದು ಬರುತ್ತಿತ್ತು. ನಾನಾಗ ಬಿ.ಎಸ್ಸಿ. ಓದುತ್ತಿದ್ದ ಹುಡುಗ. ಬೀದಿಗೆ ಒಂದೇ ಟೀವಿ, ಕಪ್ಪುಬಿಳುಪಿನದು. ನಮ್ಮ ಅದೃಷ್ಟ ನೋಡಿ: ಕೆಂಪಂಗಿಯವನು ಗ್ರಹಕ್ಕೆ ಇಳಿದರೆ ಸತ್ತ ಎಂದೇ ಲೆಕ್ಕ ಎನ್ನುವುದು ಅಮೆರಿಕದವರಿಗೆ ಕಂತು ಶುರುವಾದಾಗಲೇ ತಿಳಿಯುತ್ತಿತ್ತು. ನಮಗೆ ಎಲ್ಲರ ಅಂಗಿಯೂ ಬೂದಿ ಬಣ್ಣ. ಯಾರು ಸಾಯುತ್ತಾರೋ ಎಂದು ಕೊನೆಯವರೆಗೂ ಎದೆ ಹೊಡೆದುಕೊಳ್ಳುತ್ತಿತ್ತು.

ಊರಿನಿಂದ ಬಂದಿದ್ದ ಅಜ್ಜಿಗೆ ಇಂಗ್ಲಿಷಿನ ಒಂದಕ್ಷರ ಬಾರದು. ಎಲೆ ಅಡಿಕೆ ಹಾಕಿಕೊಂಡು ಮುಂದೆಯೇ ಕೂರುತ್ತಿದ್ದರು. ಎರಡನೆಯ ಭಾನುವಾರವೇ ಎಲ್ಲರಿಗೂ ಪಾತ್ರ ಹಂಚಿಬಿಟ್ಟರು. ಕೋಪ ಬಾರದ ಸ್ಪಾಕ್ ಧರ್ಮರಾಯ. ಮೂಗಿನ ತುದಿಯಲ್ಲೇ ಸಿಟ್ಟಿಟ್ಟುಕೊಂಡ ಡಾಕ್ಟರು ಭೀಮ. ಕರ್ಕ್ ಅರ್ಜುನ. “ಹೋದ ಕಡೆಯಲ್ಲೆಲ್ಲ ಒಬ್ಬಳು ಸಿಗುತ್ತಾಳಲ್ಲ, ತೀರ್ಥಯಾತ್ರೆಗೆ ಹೊರಟವನ ಹಾಗೆ” ಎಂದರು. ಕೃಷ್ಣ ಯಾರು ಎಂದು ನಾನು ಕೆಣಕಿದೆ. ಒಂದು ಕ್ಷಣವೂ ಯೋಚಿಸದೆ ಎಂಜಿನ್ ನೋಡಿಕೊಳ್ಳುವ ಸ್ಕಾಟಿಯನ್ನು ತೋರಿಸಿದರು. “ಬಂಡಿ ಅವನ ಕೈಯಲ್ಲಿದೆಯಲ್ಲೋ!”

ಅವರಿಗೆ ಇದ್ದ ತಕರಾರು ಒಂದೇ. ಹಗೇವು ಎಂದರೆ ಇಲ್ಲಿನ ಕಿರಿಯರಿಗೆ ಗೊತ್ತಿದೆಯೋ ಇಲ್ಲವೋ. ರಾಗಿ ತುಂಬಿಡಲು ನೆಲದೊಳಗೆ ತೋಡಿದ ಗುಂಡಿ. ಬಾಯಿ ತೆಗೆದ ಕೂಡಲೇ ಅದರೊಳಗೆ ಯಾರೂ ಇಳಿಯುವುದಿಲ್ಲ, ಕೆಟ್ಟ ಗಾಳಿ ಇರುತ್ತದೆ. ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡಬೇಕು. ದೀಪ ಉರಿದರೆ ಮನುಷ್ಯ ಇಳಿಯಬಹುದು, ಆರಿದರೆ ಕಾಯಬೇಕು. ಅಂಥ ಮನೆಯ ಹೆಂಗಸಿನ ಕಣ್ಣೆದುರಿಗೆ, ಗುರುತುಪರಿಚಯವಿಲ್ಲದ ಗ್ರಹಕ್ಕೆ ಬರಿಯ ಅಂಗಿಯಲ್ಲಿ ಇವರು ಇಳಿಯುತ್ತಿದ್ದರು. ಪ್ರತಿ ವಾರವೂ ಅಜ್ಜಿ ಹಣೆ ಚಚ್ಚಿಕೊಳ್ಳುತ್ತಿದ್ದರು: “ದೀಪ ಇಳಿಸಿ ನೋಡಲೇ ಇಲ್ಲವಲ್ಲೋ!” ವಿಜ್ಞಾನ ಓದುತ್ತಿದ್ದ ನನಗೆ ಆ ಪ್ರಶ್ನೆ ಹೊಳೆದಿರಲಿಲ್ಲ.

ಒಂದು ಭಾನುವಾರ ಟ್ರಿಬಲ್‌ಗಳ ಕಂತು ಬಂತು. ಕೈಕಾಲಿಲ್ಲದ, ಮೊಲದ ಮರಿಯಂಥ ತುಪ್ಪಳದ ಉಂಡೆಗಳು. ತಿನ್ನುವುದು, ಈಯುವುದು, ಬೇರೆ ಕಸುಬಿಲ್ಲ. ನೌಕೆಯೆಲ್ಲ ತುಂಬಿ, ಧಾನ್ಯ ಕೂಡಿಟ್ಟ ಉಗ್ರಾಣದ ಕಡೆಗೂ ಹೊರಟವು. ಆ ಧಾನ್ಯ ಗೋಧಿಗೆ ರೈ ಎಂಬ ಇನ್ನೊಂದು ಧಾನ್ಯ ಕೂಡಿಸಿ ತೆಗೆದ ತಳಿ. ಮಿಶ್ರತಳಿಯೊಂದಕ್ಕಾಗಿ ಎರಡು ಬಣಗಳು ಹಲ್ಲು ಮಸೆಯುವುದು ಮಂಡ್ಯದವರಿಗೆ ಅತಿಶಯವೆನಿಸಬಾರದು. ಇಲ್ಲೇ ಕೃಷಿ ಸಂಶೋಧನೆಯ ವಿ.ಸಿ. ಫಾರ್ಮಿನಲ್ಲಿ ರಾಗಿ ಲಕ್ಷ್ಮಣಯ್ಯನವರು ಇಂಡಿಯಾದ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ‘ಇಂಡಾಫ್’ ತಳಿಗಳನ್ನು ತೆಗೆದವರು. ನಮ್ಮ ಹಗೇವು ತುಂಬಿದ್ದು ಅದರಿಂದ.

ಇರಲಿ. ಕರ್ಕ್ ಉಗ್ರಾಣದ ಮೇಲಿನ ಬಾಗಿಲಿಗೆ ಕೈ ಹಾಕಿದ. ಕರೆಂಟ್ ಹೋಯಿತು.

ಬೀದಿಯ ಇಪ್ಪತ್ತು ಮಂದಿ ಒಮ್ಮೆಲೇ “ಅಯ್ಯೋ” ಎಂದೆವು. ಅಜ್ಜಿ ಮಾತ್ರ ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದರು: “ತೆಗೆದರೆ ಕಾಳಿರುವುದಿಲ್ಲ, ಅವೇ ಮೈಮೇಲೆ ಸುರಿಯುತ್ತವೆ. ಬಹಳಷ್ಟು ಸತ್ತಿರುತ್ತವೆ.” ಏಕೆ ಎಂದು ಕೇಳಿದೆವು. “ಇಷ್ಟು ಕಾಳು ಇಟ್ಟವರು ಮದ್ದು ಇಡದೆ ಇರುತ್ತಾರೆಯೇ?”

ಕರೆಂಟ್ ಬರುವಷ್ಟರಲ್ಲಿ ಕಂತು ಮುಗಿದಿತ್ತು. ಅದರ ಕೊನೆ ನಾನು ಕಂಡದ್ದು ಇಪ್ಪತ್ತು ವರ್ಷದ ಮೇಲೆ, ಬೆಂಗಳೂರಿನಿಂದ ತಂದ ಸಿ.ಡಿ.ಯಲ್ಲಿ. ಅವು ಸುರಿದವು. ಸತ್ತಿದ್ದವು. ಧಾನ್ಯಕ್ಕೆ ವಿಷ ಬೆರೆತಿತ್ತು. ಬೆರೆಸಿದವನು ಶತ್ರುಪಕ್ಷದ ಕ್ಲಿಂಗನ್ ಕುಲದವನು, ಮಾರುವೇಷದಲ್ಲಿದ್ದವನು, ಇಲಿಗೆ ಹೆದರಿದ ಒಕ್ಕಲಲ್ಲ, ಅಷ್ಟೇ ವ್ಯತ್ಯಾಸ. ಹೇಳೋಣವೆಂದರೆ ಅಜ್ಜಿ ಆಗ ಇರಲಿಲ್ಲ.

ಉಗ್ರಾಣದಲ್ಲಿ ಎಷ್ಟಿವೆ ಎಂಬುದಕ್ಕೆ ಸ್ಪಾಕ್ ಒಂದು ಲೆಕ್ಕ ಹೇಳುತ್ತಾನೆ: 17,71,561. ನಾನು ಸಿ.ಡಿ. ನಿಲ್ಲಿಸಿ, ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಬಿಡಿಸಿದೆ. ಒಂದು ಟ್ರಿಬಲ್, ಹನ್ನೆರಡು ಗಂಟೆಗೊಮ್ಮೆ ಹತ್ತು ಮರಿ, ಮೂರು ದಿನ. ತಾಯಿ ಸೇರಿ ಹನ್ನೊಂದು. ಮೂರು ದಿನವೆಂದರೆ ಆರು ಸರತಿ. 11, 121, 1331, 14641, 161051, 1771561. ಒಂದೂ ಹೆಚ್ಚು ಕಡಿಮೆ ಇಲ್ಲ! ಬಂಡೆಗೆ ದುಡ್ಡಿಲ್ಲದವರು ಲೆಕ್ಕವನ್ನು ಸರಿಯಾಗಿ ಇಟ್ಟಿದ್ದರು. ಆಮೇಲೆ ಪ್ರತಿ ವರ್ಷವೂ ಘಾತಾಂಕದ ಪಾಠವನ್ನು ಟ್ರಿಬಲ್‌ನಿಂದಲೇ ಶುರು ಮಾಡುತ್ತಿದ್ದೆ. ಪರೀಕ್ಷೆಯಲ್ಲಿ ಒಬ್ಬ ಹುಡುಗ, “ಹಗೇವಿನಲ್ಲಿ ಅಷ್ಟು ಜಾಗವಿಲ್ಲ” ಎಂದು ಉತ್ತರ ಬರೆದಿದ್ದ. ಅರ್ಧ ಅಂಕ ಕೊಟ್ಟೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಎರಡನೆಯ ಅಂಶ ನೌಕೆಯ ಅಧಿಕಾರಿಣಿ ಊಹೂರಾ. ಆ ಪಾತ್ರದ ಕಪ್ಪುವರ್ಣೀಯ ನಟಿ ನಿಷೆಲ್ ನಿಕೋಲ್ಸ್ ಕೆಲಸ ಬಿಡಲು ಹೊರಟಾಗ ಬಿಡಬೇಡಿ ಎಂದವರು ಮಾರ್ಟಿನ್ ಲೂಥರ್ ಕಿಂಗ್. ಇದರ ಮೇಲೆ ಒಂದು ಗಂಟೆ ಮಾತನಾಡಬಹುದು, ಮಾತನಾಡುವುದಿಲ್ಲ. ಮೂರನೆಯದು ಸ್ಪಾಕ್ ಬೆರಳು ಅಗಲಿಸಿ ತೋರುವ ಹಸ್ತಮುದ್ರೆ. ಸ್ಪಾಕ್‌ನ ಪಾತ್ರ ಮಾಡಿದ ಲಿಯೊನಾರ್ಡ್ ನಿಮೋಯ್ ಅದನ್ನು ತಂದದ್ದು ಬಾಲ್ಯದಲ್ಲಿ ಕಂಡ ಯಹೂದಿ ಪುರೋಹಿತರ ಆಶೀರ್ವಾದದಿಂದ. ನಾಲ್ಕನೆಯದು ಖಾನ್ ನೂನಿಯನ್ ಸಿಂಗ್ ಎಂಬ ಖಳನಾಯಕ. ಭಾರತದ ಸಿಖ್ ಎಂದು ಕಥೆ, ನಟಿಸಿದವರು ಮೆಕ್ಸಿಕೋದವರು, ಪಾತ್ರದ ಹೆಸರನ್ನು ನೀವೇ ನೋಡಿ. ಅದನ್ನೂ ಉಪ್ಪಿನ ಡಬ್ಬಿಯ ಲೆಕ್ಕಕ್ಕೇ ಹಾಕಿ.

ಐದನೆಯದು ಕಾಗದಗಳು. ಎರಡು ವರ್ಷಕ್ಕೇ ಧಾರಾವಾಹಿ ನಿಲ್ಲುತ್ತದೆ ಎಂಬ ಸುದ್ದಿ ಹಬ್ಬಿದಾಗ ಅಭಿಮಾನಿಗಳಾದ ಟ್ರಿಂಬಲ್ ದಂಪತಿ ಅಮೆರಿಕದ ಉದ್ದಗಲಕ್ಕೂ ಅಭಿಮಾನಿಗಳಿಂದ ಕಾಗದ ಬರೆಸಿದರು. 1968ರ ಮಾರ್ಚಿನಲ್ಲಿ, ಮುಂದುವರಿಸುತ್ತೇವೆ ಎಂದು ವಾಹಿನಿಯೇ ಪ್ರಸಾರದಲ್ಲಿ ಹೇಳಬೇಕಾಯಿತು. ಇನ್ನೊಂದು ವರ್ಷ ನಡೆದು, ಒಟ್ಟು 79 ಕಂತಾಗಿ, ಚಂದ್ರನ ಮೇಲೆ ಮನುಷ್ಯ ಇಳಿಯಲು ಏಳು ವಾರ ಇರುವಾಗ ನಿಂತಿತು.

ನಮ್ಮಲ್ಲೂ ಒಂದು ಭಾನುವಾರ ಅದು ಬರಲಿಲ್ಲ, ಮುಂದಿನ ಭಾನುವಾರವೂ ಬರಲಿಲ್ಲ. ಕಾಗದ ಬರೆಯೋಣವೆಂದು ನಾನೂ ಒಂದು ಇನ್‌ಲ್ಯಾಂಡ್ ತಂದೆ. “ಮಾನ್ಯರೇ” ಎಂದು ಬರೆದು, ಮುಂದೆ ಇಂಗ್ಲಿಷಿನಲ್ಲಿ ಬರೆಯಲೋ ಕನ್ನಡದಲ್ಲೋ ಎಂದು ಕುಳಿತಿದ್ದಾಗ ಅಜ್ಜಿ ಬಂದರು. ಖಾಲಿ ಕಾಗದ ಕಂಡರೆ ಬಿಡುವವರಲ್ಲ. ‘ಮಾನ್ಯರೇ’ ಎಂಬುದನ್ನು ಹೊಡೆದುಹಾಕಿಸಿ, ನನ್ನ ಕೈಯಿಂದಲೇ ಮದ್ದೂರಿನ ಅತ್ತೆಗೆ ಬರೆಸಿದರು. ಮಳೆ ಬಂತು, ರಾಗಿ ಪೈರು ಚೆನ್ನಾಗಿದೆ, ಕೆಂದ ಹಸು ಈದಿದೆ, ಹೆಣ್ಣು ಕರು. ಮಡಿಸುವ ಅಂಚಿನಲ್ಲಿ ಒಂದು ಬೆರಳಿನಷ್ಟು ಜಾಗ ಉಳಿದಿತ್ತು. ಇನ್ನೇನಾದರೂ ಇದೆಯೇ ಅಜ್ಜಿ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಕಿವಿಯವನು ಈಗ ಬರುತ್ತಿಲ್ಲ ಎಂದು ಬರೆ” ಎಂದರು. ಬರೆದು, ಅಂಟಿಸಿ, ಡಬ್ಬಕ್ಕೆ ಹಾಕಿ ಬಂದೆ.

ನಮಸ್ಕಾರ.