ಬಾಣ ನಾಟಿದ ಮೇಲೂ ಮಾತಾಡುವವರು

ಎಲ್ಲರಿಗೂ ನಮಸ್ಕಾರ. ಈ ತಗಡಿನ ಮಾಡಿನ ಮೇಲೆ ಮಳೆ ಬೀಳುವ ಅಬ್ಬರ ನೋಡಿದರೆ ನನ್ನ ಭಾಷಣದ ಕಾಲುಪಾಲು ಅದೇ ಮಾಡಿಬಿಡುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲ್ ದೋಣಿಗಳಿಗೂ ರಜೆ, ಯಕ್ಷಗಾನ ಮೇಳಗಳಿಗೂ ತಿರುಗಾಟವಿಲ್ಲ. ಹಾಗಾಗಿಯೇ ಕಾರವಾರದಲ್ಲಿ ಇಷ್ಟು ಜನ ಕೈಗೆ ಸಿಕ್ಕಿದ್ದೀರಿ.

ಇನ್ನು ಸ್ವಲ್ಪ ಹೊತ್ತಿಗೆ ನಮ್ಮ ಹುಡುಗರು ತಾವು ಮಾಡಿದ ರೇಡಿಯೋ ಏಕಭಾಷಣವನ್ನು ಕೇಳಿಸುತ್ತಾರೆ. ತನ್ನ ನೆರಳಿಗೆ ಆಧಾರ್ ಕಾರ್ಡ್ ಮಾಡಿಸಲು ಹೊರಟವನ ಕಥೆ. ಒಳ್ಳೆಯ ಹುಚ್ಚು. ಆದರೆ ನಾನು ಕೇಳಿದ ಕರಡಿನಲ್ಲಿ ಪ್ರತಿ ತಮಾಷೆಯ ಬೆನ್ನಿಗೂ ‘ಟೊಂಯ್’ ಅಂತ ಒಂದು ಸದ್ದಿತ್ತು. ನನ್ನ ಜಗಳ ಆ ಟೊಂಯ್ ಜೊತೆ. ನಾಲ್ಕು ಅಂಶ ಬರೆದುಕೊಂಡು ಬಂದಿದ್ದೇನೆ.

ಒಂದು, ನಗಿಸುವ ದನಿ ತಾನು ನಗಬಾರದು. ಅಮೆರಿಕದಲ್ಲಿ ಜೋ ಫ್ರ್ಯಾಂಕ್ ಅಂತ ಒಬ್ಬರಿದ್ದರು, 2018ರಲ್ಲಿ ತೀರಿಕೊಂಡರು. ಸಾಂಟಾ ಮೋನಿಕಾದ ಕೆಸಿಆರ್‌ಡಬ್ಲ್ಯೂ ಎಂಬ ರೇಡಿಯೋ ನಿಲಯಕ್ಕೆ 1986ರಲ್ಲಿ ಬಂದವರು. ಆಳವಾದ ದನಿ, ಹಿಂದೆ ಸುತ್ತಿ ಸುತ್ತಿ ಬರುವ ಸಂಗೀತದ ತುಣುಕು. ಸಾವು, ದೇವರು, ಒಂಟಿತನ ಅಂತ ಶುರುವಾದ ಮಾತು ಯಾವ ತಿರುವಿನಲ್ಲಿ ಹುಚ್ಚಾಟವಾಯಿತೆಂದು ತಿಳಿಯುತ್ತಿರಲಿಲ್ಲ. ಹೇಳುತ್ತಿರುವುದು ಸ್ವಂತದ್ದೋ ಕಟ್ಟುಕಥೆಯೋ, ಅದೂ ತಿಳಿಯದು. ಅವರು ಕಣ್ಣು ಹೊಡೆಯುತ್ತಿರಲಿಲ್ಲ. ರೇಡಿಯೋದಲ್ಲಿ ಕಣ್ಣು ಹೊಡೆಯುವುದು ಹೇಗೆ ಅನ್ನುತ್ತೀರಾ? ಟೊಂಯ್!

ಇದಕ್ಕೆ ಅಷ್ಟು ದೂರ ಯಾಕೆ ಹೋಗಬೇಕು, ನಮ್ಮಲ್ಲಿ ತಾಳಮದ್ದಲೆ, ಅಂದರೆ ಕೂತು ಆಡುವ ಯಕ್ಷಗಾನ, ಇದೆಯಲ್ಲ. ವೇಷವಿಲ್ಲ, ಕುಣಿತವಿಲ್ಲ. ಪಂಚೆ ಉಟ್ಟು ಕೂತ ಅರ್ಥಧಾರಿ ಬರೀ ಮಾತಿನಲ್ಲಿ ಕಿಷ್ಕಿಂಧೆ ಕಟ್ಟಬೇಕು. ಒಮ್ಮೆ ಸಿರಸಿ ಕಡೆಯ ಒಂದು ಮನೆಯ ಜಗಲಿಯಲ್ಲಿ ವಾಲಿವಧೆ. ಹೀಗೇ ಆಷಾಢದ ಮಳೆ. ವಾಲಿಗೆ ಬಾಣ ತಾಗಿತು, ಬಿದ್ದ. ಬಿದ್ದವನು ಧರ್ಮಜಿಜ್ಞಾಸೆ ಶುರುಮಾಡಿದ: ಮರೆಯಲ್ಲಿ ನಿಂತು ಹೊಡೆದೆಯಲ್ಲ ರಾಮಾ, ಮನುಷ್ಯ ನೀನು, ಕಪಿ ನಾನು, ನನಗೂ ನಿನಗೂ ಏನು ವೈರ? ರಾಮ ಉತ್ತರ ಕೊಟ್ಟ, ವಾಲಿ ಅದನ್ನು ಸೀಳಿದ. ಕಷಾಯ ಬಂತು, ಎಲೆ ಅಡಿಕೆ ಒಂದು ಸುತ್ತು ಹೋಯಿತು, ವಾದ ಮುಗಿಯಲಿಲ್ಲ. ಆಗ ಕಂಬಕ್ಕೊರಗಿದ್ದ ಅಜ್ಜ ಎದ್ದು ಕೂತು ಹೇಳಿದ: “ಬಾಣ ತಾಗಿ ಒಂದೂವರೆ ತಾಸಾತು. ಆ ಮನಶಂಗೆ ಒಂದ್ ಲೋಟ ನೀರಾದ್ರೂ ಕೊಡ್ರೋ!”

ಜಗಲಿ ಬಿದ್ದು ಬಿದ್ದು ನಕ್ಕಿತು. ವಾಲಿ ನಗಲಿಲ್ಲ. ನಗು ಇಳಿಯುವವರೆಗೆ ಕಾದು ಕ್ಷೀಣವಾದ ದನಿಯಲ್ಲಿ, “ರಾಮಾ, ಕೇಳಿದೆಯಾ? ಶಾಸ್ತ್ರ ಓದಿದ ನಿನಗೆ ಹೊಳೆಯದ್ದು ಆ ಮುದುಕನಿಗೆ ಹೊಳೆಯಿತು” ಅಂದ. ರಾಮನ ಬಾಯಿ ಕಟ್ಟಿತು. ಭಾಗವತರು ಗಡಿಬಿಡಿಯಲ್ಲಿ ಮುಂದಿನ ಪದ ಎತ್ತಿಕೊಂಡು ಅವನನ್ನು ಪಾರುಮಾಡಿದರು. ವಾಲಿಯೇನಾದರೂ ಒಂದು ಕ್ಷಣ ಹಲ್ಲು ಕಿರಿದಿದ್ದರೆ? ಅದು ಬರೀ ಜೋಕು, ಮರುದಿನಕ್ಕೆ ಮರೆತುಹೋಗುತ್ತಿತ್ತು.

ಓ, ಚೀಟಿ ಬಂತು. ಹತ್ತು ನಿಮಿಷವಂತೆ.

ಎರಡನೆಯದು ಕಿರುಚಾಟ. ಫ್ರಾನ್ಸಿನ ರಂಗಕರ್ಮಿ ಆಂತೊನಾ ಆರ್ತೋ 1947ರ ನವೆಂಬರಿನಲ್ಲಿ ರೇಡಿಯೋಗಾಗಿ ದೇವರನ್ನೇ ಕಟಕಟೆಗೆ ಎಳೆಯುವಂಥದ್ದೊಂದನ್ನು ರೆಕಾರ್ಡ್ ಮಾಡಿದ. ಚೀರಾಟ, ಡೋಲು, ಕ್ಸೈಲೋಫೋನ್. 1948ರ ಫೆಬ್ರವರಿ 2ಕ್ಕೆ ಪ್ರಸಾರವಾಗಬೇಕಿತ್ತು, ಹಿಂದಿನ ದಿನವೇ ರೇಡಿಯೋ ಸಂಸ್ಥೆಯ ನಿರ್ದೇಶಕರು ತಡೆದರು. ಮುಂದಿನ ತಿಂಗಳು ಆರ್ತೋ ತೀರಿಕೊಂಡ. ಸದ್ದು ಬೇಡವೆಂದು ನಾನು ಹೇಳುತ್ತಿಲ್ಲ, ನೋಡಿ. ಅವನ ಡೋಲು ಕೇಳುಗನಿಗೆ ‘ಈಗ ನಗು’ ಅಂತ ಹೇಳುವುದಿಲ್ಲ, ಕೂತ ಕುರ್ಚಿಯಿಂದ ಎಬ್ಬಿಸುತ್ತದೆ. ಟೊಂಯ್ ಅನ್ನುವುದು ಮದುವೆಮನೆಯಲ್ಲಿ ‘ಹೊಟ್ಟೆ ತುಂಬಿತಲ್ಲ?’ ಅಂತ ಕೇಳುತ್ತಲೇ ಎಲೆ ಎತ್ತುವವನ ಹಾಗೆ.

ಮೂರನೆಯದನ್ನು ಒಂದೇ ಉಸಿರಿಗೆ ಹೇಳಿಬಿಡುತ್ತೇನೆ. ಆಕಾಶವಾಣಿಯಲ್ಲಿ, ಸಮುದ್ರ ಪ್ರಕ್ಷುಬ್ಧವಾಗಿದೆ, ಮೀನುಗಾರರು ಕಡಲಿಗೆ ಇಳಿಯಬಾರದು ಅಂತ ಓದಿದ ದನಿಯೇ ಈಗ ಚಿತ್ರಗೀತೆಗಳು ಅನ್ನುತ್ತದೆ. ಒಂದಿಷ್ಟೂ ಏರಿಳಿತವಿಲ್ಲ. ಅಸಂಗತ ನಾಟಕ ಬರೆಯುವವರು ವಾರಗಟ್ಟಲೆ ಆಕಾಶವಾಣಿ ಕೇಳಬೇಕು, ಇಷ್ಟೇ.

ನಾಲ್ಕನೆಯದು ಮೌನ. ರಂಗದ ಮೇಲೆ ನಟ ಸುಮ್ಮನಿದ್ದರೆ ಅಭಿನಯ, ರೇಡಿಯೋದಲ್ಲಿ ಸುಮ್ಮನಿದ್ದರೆ ‘ಅಡಚಣೆಗಾಗಿ ವಿಷಾದಿಸುತ್ತೇವೆ.’ ಇದರ ಬಗ್ಗೆ ಎರಡು ಪುಟ ಇತ್ತು, ಆದರೆ ಸಂಘಟಕರು ಎದ್ದೇ ನಿಂತಿದ್ದಾರೆ. ಹುಡುಗರೇ, ಹಾಕಿ ನಿಮ್ಮ ರೆಕಾರ್ಡಿಂಗ್. ಟೊಂಯ್ ತೆಗೆದಿದ್ದೀರಿ ತಾನೆ?