ಬೇಡದ್ದನ್ನು ತೆಗೆದುಹಾಕಿ: ಲಿನಕ್ಸ್ ಸರ್ವರ್ ಕಾಯುವ ಮೊದಲ ಪಾಠ

ಕೇಳುಗರಿಗೆ ನಮಸ್ಕಾರ. ತಿಂಗಳ ಬಾಡಿಗೆಗೆ ಒಂದು ಲಿನಕ್ಸ್ ಸರ್ವರ್ ಹಿಡಿದು, ಅದರಲ್ಲಿ ಕಾಲೇಜಿನ ವೆಬ್‌ಸೈಟನ್ನೋ ಅಂಗಡಿಯ ಲೆಕ್ಕವನ್ನೋ ನಡೆಸುತ್ತಿರುವ ಹುಡುಗ ಹುಡುಗಿಯರು ಇದನ್ನು ಕೇಳುತ್ತಿದ್ದೀರಿ ಅಂದುಕೊಂಡು ಮಾತಾಡುತ್ತೇನೆ. ನಿಮಗೆ ಹೇಳಬೇಕಾದ್ದು ಒಂದೇ ಮಾತು: ಬೇಡದ್ದನ್ನು ತೆಗೆದುಹಾಕಿ. ಭದ್ರತೆ ಅಂದ ಕೂಡಲೇ ಹೊಸದಾಗಿ ಏನು ಹಾಕಿಕೊಳ್ಳೋಣ ಎಂದು ಹುಡುಕಲು ಹೊರಡುತ್ತೀರಿ. ಇರುವುದರಲ್ಲಿ ಏನನ್ನು ಕಿತ್ತುಹಾಕೋಣ ಎಂದು ಮೊದಲು ನೋಡಿ.

ಇದಕ್ಕೆ ಎಕ್ಸ್‌ಝಡ್ ಪ್ರಕರಣಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಫೈಲುಗಳನ್ನು ಕುಗ್ಗಿಸುವ ಒಂದು ಪುಟ್ಟ ತಂತ್ರಾಂಶ ಅದು. ಬಹುತೇಕ ಎಲ್ಲ ಲಿನಕ್ಸ್‌ನಲ್ಲೂ ಇರುತ್ತದೆ, ಯಾರ ಗಮನಕ್ಕೂ ಬರುವುದಿಲ್ಲ. ಜಿಯಾ ಟಾನ್ ಎಂಬ ಹೆಸರಿಟ್ಟುಕೊಂಡ ಯಾರೋ ಎರಡು ವರ್ಷಕ್ಕೂ ಹೆಚ್ಚು ಕಾಲ ಆ ಯೋಜನೆಗೆ ನಿಜವಾದ ಕೆಲಸ ಮಾಡಿಕೊಟ್ಟು, ನಂಬಿಕೆ ಗಳಿಸಿ, ಹೊಸ ಆವೃತ್ತಿ ಬಿಡುಗಡೆ ಮಾಡುವ ಅಧಿಕಾರವನ್ನೇ ಪಡೆದರು. 2024ರ ಫೆಬ್ರವರಿಯಲ್ಲಿ ಬಂದ 5.6.0, ಮಾರ್ಚ್‌ನಲ್ಲಿ ಬಂದ 5.6.1, ಎರಡರಲ್ಲೂ ಕಳ್ಳದಾರಿ ಇತ್ತು. ಪರೀಕ್ಷೆಗೆಂದು ಇಟ್ಟ ಫೈಲುಗಳೊಳಗೆ ಅದನ್ನು ಬಚ್ಚಿಟ್ಟಿದ್ದರು. ಅದನ್ನು ಎಬ್ಬಿಸುವ ಸಾಲು ಎಲ್ಲರ ಕಣ್ಣಿಗೆ ಬೀಳುವ ಮೂಲಸಂಕೇತದ ಭಂಡಾರದಲ್ಲಿ ಇರಲಿಲ್ಲ, ಬಿಡುಗಡೆಯ ಕಟ್ಟಿನಲ್ಲಿ ಮಾತ್ರ ಇತ್ತು.

ಇದನ್ನು ಹಿಡಿದವರು ಆಂಡ್ರೆಸ್ ಫ್ರಾಯಂಡ್, ಪೋಸ್ಟ್‌ಗ್ರೆಸ್ ಡೇಟಾಬೇಸಿನ ಕೆಲಸಗಾರರು. ಅವರು ಕಳ್ಳನನ್ನು ಹುಡುಕಲು ಹೊರಟವರೇ ಅಲ್ಲ, ಡೇಟಾಬೇಸಿನ ವೇಗ ಅಳೆಯುತ್ತಿದ್ದರು. 0.3 ಸೆಕೆಂಡಿನಲ್ಲಿ ಮುಗಿಯಬೇಕಾದ ಎಸ್‌ಎಸ್‌ಎಚ್ ಲಾಗಿನ್‌ಗೆ, ಅಂದರೆ ದೂರದಿಂದ ಸರ್ವರಿನೊಳಗೆ ಹೋಗುವುದಕ್ಕೆ, 0.8 ಸೆಕೆಂಡು ಹಿಡಿಯುತ್ತಿತ್ತು. ಬರೀ ಅರ್ಧ ಸೆಕೆಂಡು! ಬೇರೆಯವರಾಗಿದ್ದರೆ ನೆಟ್‌ವರ್ಕ್ ನಿಧಾನ ಎಂದು ಬಿಟ್ಟುಬಿಡುತ್ತಿದ್ದರು. ಅವರು ಬಿಡಲಿಲ್ಲ, ಬುಡದ ತನಕ ಹೋಗಿ ಮಾರ್ಚ್ 29ರಂದು ಜಗತ್ತಿಗೆ ತಿಳಿಸಿದರು.

ಈಗ ಮುಖ್ಯ ಪ್ರಶ್ನೆ. ಫೈಲು ಕುಗ್ಗಿಸುವ ತಂತ್ರಾಂಶಕ್ಕೂ ಸರ್ವರಿನ ಹೆಬ್ಬಾಗಿಲಾದ ಎಸ್‌ಎಸ್‌ಎಚ್‌ಗೂ ಏನು ಸಂಬಂಧ? ಎಸ್‌ಎಸ್‌ಎಚ್ ನಡೆಸುವ ತಂತ್ರಾಂಶವಾದ ಮೂಲ ಓಪನ್‌ಎಸ್‌ಎಸ್‌ಎಚ್‌ನಲ್ಲಿ ಯಾವ ಸಂಬಂಧವೂ ಇಲ್ಲ. ಡೆಬಿಯನ್, ಫೆಡೋರಾದಂಥ ಲಿನಕ್ಸ್ ವಿತರಣೆಗಳು 'ನಾನು ಎದ್ದಿದ್ದೇನೆ' ಎಂದು, ಸೇವೆಗಳನ್ನು ಎಬ್ಬಿಸಿ ನೋಡಿಕೊಳ್ಳುವ ಸಿಸ್ಟಮ್‌ಡಿಗೆ ಒಂದು ಪುಟ್ಟ ಸುದ್ದಿ ಮುಟ್ಟಿಸಲು ಓಪನ್‌ಎಸ್‌ಎಸ್‌ಎಚ್‌ಗೆ ಸಿಸ್ಟಮ್‌ಡಿಯ ಇಡೀ ಲೈಬ್ರರಿಯನ್ನು ಜೋಡಿಸಿದ್ದವು. ಆ ಲೈಬ್ರರಿ ಎಕ್ಸ್‌ಝಡ್‌ನ ಲೈಬ್ರರಿಯನ್ನು ಜೊತೆಗೆ ಎಳೆದು ತಂದಿತು. ಒಂದು ಸಾಲಿನ ಸುದ್ದಿಗಾಗಿ ಕಳ್ಳ ರೂಟ್ ಅಧಿಕಾರದ, ಅಂದರೆ ಸರ್ವರಿನ ಪೂರ್ಣ ಅಧಿಕಾರದ, ಮನೆಯೊಳಗೆ ಬಂದು ಕೂತ. ಅದೇ ವರ್ಷ ಜುಲೈನಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 9.8 ಆ ಲೈಬ್ರರಿಯ ಹಂಗಿಲ್ಲದೆ ತಾನೇ ಆ ಸುದ್ದಿ ಕಳಿಸುತ್ತದೆ. ಬೇಡದ್ದನ್ನು ತೆಗೆದುಹಾಕುವುದು ಅಂದರೆ ಇದು.

ಈ ಕಥೆಗೇ ಹೆಚ್ಚು ಹೊತ್ತು ಹಿಡಿಯಿತು, ಇನ್ನು ಬೇಗ ಬೇಗ ಹೇಳುತ್ತೇನೆ. ಪೆನ್ನು ಹಿಡಿಯಿರಿ.

ನಿಮ್ಮ ಸರ್ವರಿನಲ್ಲಿ ಎಸ್ ಎಸ್ ಎಂದು ಬರೆದು, ಜಾಗ ಬಿಟ್ಟು, ಅಡ್ಡಗೆರೆ ಹಾಕಿ, ಟಿ ಯು ಎಲ್ ಪಿ ಎನ್ ಎಂದು ಕೊಡಿ. ಇದೆಲ್ಲಕ್ಕಿಂತ ಮೊದಲು, ಆಡಳಿತಗಾರನ ಅಧಿಕಾರ ಕೊಡುವ ಸುಡೊ ಇರಲಿ, ಇಲ್ಲದಿದ್ದರೆ ಪ್ರೋಗ್ರಾಮುಗಳ ಹೆಸರು ಪೂರ್ತಿ ಕಾಣುವುದಿಲ್ಲ. ಯಾವ ಪೋರ್ಟಿನಲ್ಲಿ ಯಾರು ಕಿವಿ ತೆರೆದು ಕೂತಿದ್ದಾರೆ ಎಂಬ ಪಟ್ಟಿ ಬರುತ್ತದೆ. 127.0.0.1 ಅಂದರೆ ಮನೆಯೊಳಗಿನ ಮಾತು. 0.0.0.0 ಅಂದರೆ ಎಲ್ಲ ಕಡೆಗೂ ತೆರೆದ ಬಾಗಿಲು. ಮೈಎಸ್‌ಕ್ಯೂಎಲ್‌ನ 3306, ರೆಡಿಸ್‌ನ 6379, ಈ ಡೇಟಾಬೇಸುಗಳ ಪೋರ್ಟುಗಳು ಹಾಗೆ ತೆರೆದಿದ್ದರೆ ಇವತ್ತೇ ಮುಚ್ಚಿ. ಪಾಸ್‌ವರ್ಡ್ ಇಲ್ಲದ ರೆಡಿಸ್ ಸಿಕ್ಕರೆ ದಾಳಿಕೋರರು ಅದರ ಮೂಲಕವೇ ತಮ್ಮ ಎಸ್‌ಎಸ್‌ಎಚ್ ಕೀಲಿಯನ್ನು ನಿಮ್ಮ ಡಿಸ್ಕಿಗೆ ಬರೆಸುತ್ತಾರೆ. ಪಟ್ಟಿಯಲ್ಲಿರುವ ಸೇವೆ ಯಾಕಿದೆ ಎಂದು ಒಂದು ವಾಕ್ಯದಲ್ಲಿ ಹೇಳಲು ಬರದಿದ್ದರೆ, ವಿಚಾರಿಸಿ ತಿಳಿದುಕೊಳ್ಳಿ. ಕೆಲಸವಿಲ್ಲದ್ದಾದರೆ ನಿಲ್ಲಿಸಿ, ಪ್ಯಾಕೇಜನ್ನೂ ತೆಗೆದುಹಾಕಿ.

ಫೈರ್‌ವಾಲ್ ಇದೆಯಲ್ಲ ಅನ್ನುವಿರಿ. ಪ್ರೋಗ್ರಾಮುಗಳನ್ನು ಪ್ರತ್ಯೇಕ ಡಬ್ಬಿಗಳಲ್ಲಿ ನಡೆಸುವ ಡಾಕರ್‌ನಲ್ಲಿ ಪೋರ್ಟ್ ತೆರೆದರೆ ಅದು ತನ್ನದೇ ನಿಯಮ ಬರೆದುಕೊಂಡು ಯುಎಫ್‌ಡಬ್ಲ್ಯೂ ಎಂಬ ಫೈರ್‌ವಾಲನ್ನು ದಾಟಿ ಹೋಗುತ್ತದೆ. ಹೊರಗಿನವರಿಗೆ ಬೇಡದ ಪೋರ್ಟ್ ಆದರೆ, ಅದರ ಸಂಖ್ಯೆಗಿಂತ ಮೊದಲು 127.0.0.1 ಸೇರಿಸಿ ಬರೆಯಿರಿ. ಇನ್ನು, ಅನುಮತಿಯ ತೊಂದರೆ ಬಂದ ಕೂಡಲೇ 777 ಕೊಟ್ಟು ಎಲ್ಲರಿಗೂ ಎಲ್ಲ ಅನುಮತಿ ತೆರೆಯುವುದು, ಫೈಲುಗಳ ಲೇಬಲ್ ನೋಡಿ ಪ್ರವೇಶ ಕೊಡುವ ಎಸ್‌ಇಲಿನಕ್ಸ್ ಕಾವಲನ್ನು ಆಫ್ ಮಾಡುವುದು ದಯವಿಟ್ಟು ನಿಲ್ಲಿಸಿ. ಹೋಮ್ ಫೋಲ್ಡರಿನಿಂದ ಎಂವಿ ಕೊಟ್ಟು ಸಾಗಿಸಿದ ಫೈಲು ಹಳೆಯ ಲೇಬಲನ್ನೇ ಹೊತ್ತು ಬರುತ್ತದೆ. ಹಾಗಾಗಿಯೇ ವೆಬ್ ಸರ್ವರಿಗೆ ಅದು ಸಿಗುವುದಿಲ್ಲ. ರಿಸ್ಟೋರ್‌ಕಾನ್ ಎಂಬ ಒಂದು ಆಜ್ಞೆ ಸಾಕು.

ಕೊನೆಯದು, ಪಾಸ್‌ವರ್ಡ್ ಲಾಗಿನ್. ಅದೂ ಬೇಡದ್ದೇ. ಅದರ ಬದಲು ಇಡಿ25519 ಎಂಬ ಬಗೆಯ ಕೀಲಿಜೋಡಿ ಮಾಡಿ, ಅದರ ಸಾರ್ವಜನಿಕ ಭಾಗವನ್ನು ಸರ್ವರಿಗೆ ಹಾಕಿ, ಎಸ್‌ಎಸ್‌ಎಚ್‌ಡಿಯ, ಅಂದರೆ ಎಸ್‌ಎಸ್‌ಎಚ್ ಸೇವೆಯ, ಸೆಟ್ಟಿಂಗ್ ಫೈಲಿನಲ್ಲಿ ಪಾಸ್‌ವರ್ಡ್ ಅಥೆಂಟಿಕೇಶನ್‌ಗೆ ನೋ ಎಂದು ಬರೆಯಿರಿ. ಎಷ್ಟೋ ಜನ ಎಡವುವುದು ಇಲ್ಲಿ. ಉಬುಂಟು ಕ್ಲೌಡ್ ಸರ್ವರಿನಲ್ಲಿ 50-ಕ್ಲೌಡ್-ಇನಿಟ್ ಎಂಬ ಇನ್ನೊಂದು ಫೈಲಿನಲ್ಲಿ ಯೆಸ್ ಎಂದಿರಬಹುದು. ಮೊದಲು ಓದಿದ್ದೇ ಜಾರಿಗೆ ಬರುತ್ತದೆ, ಆ ಫೈಲೇ ಮೊದಲು ಓದಿಸಿಕೊಳ್ಳುತ್ತದೆ. ಎಸ್‌ಎಸ್‌ಎಚ್‌ಡಿಗೆ ಸಣ್ಣ ಟಿ ಕೊಟ್ಟರೆ ಬರವಣಿಗೆಯ ತಪ್ಪು ತೋರಿಸುತ್ತದೆ, ದೊಡ್ಡ ಟಿ ಕೊಟ್ಟರೆ ನಿಜವಾಗಿ ಯಾವುದು ಜಾರಿಯಲ್ಲಿದೆ ಎಂದು ತೋರಿಸುತ್ತದೆ. ಎರಡನ್ನೂ ನೋಡಿದ ಮೇಲೆ ಸೇವೆಯನ್ನು ರೀಲೋಡ್ ಮಾಡಿ. ಈಗ ತೆರೆದಿರುವ ಕಿಟಕಿಯನ್ನು ಮುಚ್ಚಬೇಡಿ. ಇನ್ನೊಂದು ಕಿಟಕಿ ತೆರೆದು, ಕೀಲಿಯಿಂದ ಒಳಗೆ ಬಂದು, ಸುಡೊ ಕೆಲಸ ಮಾಡುತ್ತದೆಯೇ ನೋಡಿ, ಆಮೇಲಷ್ಟೇ ಹಳೆಯದನ್ನು ಮುಚ್ಚಿ. ನಮಸ್ಕಾರ.