ತರಗು ಬೆಂಕಿ ಮತ್ತು ನೆಲ್ಲಿಮರ

ಎಲ್ಲರಿಗೂ ನಮಸ್ಕಾರ.

ಮಾರ್ಚ್ ತಿಂಗಳಲ್ಲಿ ಬಿಳಿಗಿರಿರಂಗನ ಬೆಟ್ಟ ಹತ್ತುವವರು ಕೆಳಗಿನ ಕಾಡು ನೋಡಿ "ಅಯ್ಯೋ, ಎಲ್ಲ ಒಣಗಿಹೋಗಿದೆ" ಅನ್ನುತ್ತಾರೆ. ಒಣಗಿಲ್ಲ. ಎಲೆ ಉದುರಿಸಿ ನೀರು ಉಳಿಸಿಕೊಂಡು ಕೂತಿದೆ, ಅಷ್ಟೇ. ಅದೇ ಹೊತ್ತಿಗೆ ಎಲೆಯಿಲ್ಲದ ಮುತ್ತುಗ ಮೈತುಂಬ ಹೂ ಬಿಟ್ಟಿರುತ್ತದೆ. ಮತ್ತಿ, ದಿಂಡಿಗ, ತಡಸಲು, ಹೊನ್ನೆ, ಬೀಟೆ, ಕಕ್ಕೆ, ಎಲ್ಲ ಇಲ್ಲೇ ಇವೆ. ಇವತ್ತು ನಾನು ಇವುಗಳಲ್ಲಿ ಒಂದೇ ಮರದ ಕತೆ ಹೇಳುತ್ತೇನೆ: ನೆಲ್ಲಿ.

ಬೆಟ್ಟದ ಆದಿವಾಸಿಗಳಾದ ಸೋಲಿಗರಿಗೆ ನೆಲ್ಲಿಕಾಯಿ ಊಟಕ್ಕೂ ಆಯಿತು, ಮಾರಾಟಕ್ಕೂ ಆಯಿತು. ಕಾಯಿ ಕೊಯ್ಯುವುದು ಜಾಸ್ತಿಯಾಗಿ ಮರ ಕಡಿಮೆಯಾಗುತ್ತಿದೆ ಎಂಬ ಅನುಮಾನ ಹೊರಗಿನವರಿಗಿತ್ತು. ಸೋಲಿಗರನ್ನು ಕೇಳಿದರೆ ಅವರು ತೋರಿಸಿದ್ದು ಮರದ ಮೇಲೆ. ಅಲ್ಲಿ ಬಂದಳಿಕೆ ಕೂತಿತ್ತು. ಅವರು ಅದನ್ನು ಉಪ್ಪಿಲು ಅನ್ನುತ್ತಾರೆ. ಹಕ್ಕಿ ಅದರ ಹಣ್ಣು ತಿಂದು ಅಂಟು ಬೀಜವನ್ನು ಕೊಂಬೆಗೆ ಮೆತ್ತುತ್ತದೆ. ಬೀಜ ಅಲ್ಲೇ ಮೊಳೆತು ಮರದ ನೀರು ಕುಡಿಯುತ್ತದೆ. ಕಾಯಿ ಕಡಿಮೆಯಾಗುತ್ತದೆ, ಕೊನೆಗೆ ಮರವೇ ಸೊರಗುತ್ತದೆ.

ಉಪ್ಪಿಲು ಯಾಕೆ ಹೆಚ್ಚಿತು? ತರಗು ಬೆಂಕಿ ನಿಂತಿದ್ದಕ್ಕೆ ಅನ್ನುವುದು ಅವರ ಉತ್ತರ. ಬೇಸಿಗೆ ಏರುವ ಮೊದಲೇ ನೆಲದ ತರಗೆಲೆಗೆ ಸಣ್ಣಗೆ ಬೆಂಕಿ ಕೊಡುವುದು ಅವರ ಹಳೇ ರೂಢಿ. ಬೆಂಕಿ ಮೊಣಕಾಲು ದಾಟುತ್ತಿರಲಿಲ್ಲ. ಇಂಥ ಕಾಡಿನ ದೊಡ್ಡ ಮರಗಳ ತೊಗಟೆ ದಪ್ಪ, ಅಷ್ಟು ಬೆಂಕಿ ತಡೆಯುತ್ತವೆ. ಶಾಖಕ್ಕೆ ಉಪ್ಪಿಲು ಸಾಯುತ್ತಿತ್ತು, ಮಳೆ ಬಿದ್ದ ಕೂಡಲೇ ಹುಲ್ಲು ಚಿಗುರುತ್ತಿತ್ತು. 1972ರಲ್ಲಿ ವನ್ಯಜೀವಿ ಕಾಯ್ದೆ ಬಂತು, 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು. ಬೆಂಕಿ ಅಪರಾಧವಾಯಿತು. ಕೆಟ್ಟ ಉದ್ದೇಶವೇನಲ್ಲ, ಆದರೆ ಕೇಳಬೇಕಾದವರನ್ನು ಯಾರೂ ಕೇಳಲಿಲ್ಲ, ಅಲ್ವಾ?

ಈಗ ಮತ್ತೆ ಬೆಂಕಿ ಕೊಟ್ಟರೆ ಸರಿಹೋಗುತ್ತದಾ? ಇಲ್ಲ. ನಡುವೆ ಲಂಟಾನ ಹೊಕ್ಕಿದೆ. 19ನೇ ಶತಮಾನದ ಶುರುವಿನಲ್ಲಿ ಅಂದದ ಹೂವಿನ ಗಿಡ ಅಂತ ಭಾರತಕ್ಕೆ ತಂದದ್ದು ಅದು. ಈ ಬೆಟ್ಟದಲ್ಲೇ 1997ರಿಂದ 2008ರೊಳಗೆ ಅದು ಹಬ್ಬಿದ ಜಾಗ ಸುಮಾರು ಎರಡು ಪಟ್ಟಾಯಿತು. ಪೊದೆ ಆಳೆತ್ತರ ಬೆಳೆಯುತ್ತದೆ. ಅದಕ್ಕೆ ಹತ್ತಿದ ಬೆಂಕಿ ನೆಲದಲ್ಲಿ ನಿಲ್ಲದೆ ಮರದ ತಲೆಗೇ ಏರುತ್ತದೆ. ಸುಟ್ಟರೂ ಲಂಟಾನ ಬುಡದಿಂದ ಮತ್ತೆ ಚಿಗುರುತ್ತದೆ. ಅದರ ನೆರಳಲ್ಲಿ ಹುಲ್ಲಿಗೂ ನೆಲ್ಲಿ ಸಸಿಗೂ ಜಾಗವಿಲ್ಲ. ಇಂಥ ಕಾಡಿಗೆ ಲಾರಿಯಲ್ಲಿ ಸಸಿ ತಂದು ನೆಡುವ ಕಾರ್ಯಕ್ರಮ ಕಂಡರೆ ನನಗೆ ನಗು ಬರುತ್ತದೆ. ಬೀಜಕ್ಕೇನೂ ಬರವಿಲ್ಲ, ಬೆಳಕಿಗೆ ಬರ.

2011ರಲ್ಲಿ ಎರಡು ಸಂಗತಿ ನಡೆದವು. ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ, ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಹಲವು ಪೋಡುಗಳಿಗೆ, ಅಂದರೆ ಹಾಡಿಗಳಿಗೆ, ಸಮುದಾಯ ಹಕ್ಕುಪತ್ರ ಸಿಕ್ಕಿತು: ಕಾಡನ್ನು ಊರವರೆಲ್ಲ ಸೇರಿ ಬಳಸುವ, ಕಾಯುವ ಹಕ್ಕು. ಹುಲಿ ಕಾಡಿನೊಳಗೆ ಇಂಥ ಹಕ್ಕು ಕೊಟ್ಟದ್ದು ಸಣ್ಣ ಮಾತಲ್ಲ.

ಲಂಟಾನ ತೆಗೆಯುವ ಕ್ರಮ ಗೊತ್ತಿರುವುದೇ. ಬುಡವನ್ನು ಮಣ್ಣಿನೊಳಗೇ ಕತ್ತರಿಸಿ, ಎತ್ತಿ, ತಲೆಕೆಳಗಾಗಿ ಇಡಬೇಕು. ಆಮೇಲೆ ಪ್ರತಿ ಮಳೆಗೂ ಬಂದು, ಹಕ್ಕಿಗಳು ಕೂರುವ ಮರದ ಕೆಳಗೆ ಹುಟ್ಟಿದ ಹೊಸ ಸಸಿ ಕೀಳಬೇಕು. ಮೊದಲ ವರ್ಷ ಕಿತ್ತು ಫೋಟೊ ತೆಗೆಸಿಕೊಂಡು ಹೋದರೆ ಎರಡನೇ ಮಳೆಗೆ ಅದು ವಾಪಸ್ ಬಂದಿರುತ್ತದೆ. ಆ ಎರಡನೇ ಮಳೆಗೆ, ಮೂರನೇ ಮಳೆಗೆ ಅಲ್ಲಿ ಇರುವವರು ಪೋಡಿನವರೇ.